ತೊಗರಿಯ ಹೊಲದಲ್ಲಿ ದೂರದರ್ಶಕ

೨೦೨೫ನೆಯ ಇಸವಿಯ ಜನವರಿಯಲ್ಲಿ ಹುಮನಾಬಾದ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ದೊಡ್ಡದೊಂದು ಬಲೂನು ಯಂತ್ರಸಹಿತವಾಗಿ ಇಳಿದು ಜನರನ್ನು ಗಾಬರಿಗೊಳಿಸಿದ ವಾರ್ತೆಯನ್ನು ವಾಚಕರು ಮರೆತಿರಲಾರರು. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಬಲೂನು ಕೇಂದ್ರದ್ದೆಂದು ಬಳಿಕ ತಿಳಿಯಿತು. ಜಲಸಂಗಿಗೆ ಬಂದುದು ನಾಳೆ ಚಿಂಚೋಳಿ, ಸೇಡಂ, ಚಿತ್ತಾಪುರಗಳ ಹೊಲಗಳಿಗೆ ಬಾರದೆಂದಿಲ್ಲ. ಗಾಳಿಗೆ ತಾಲ್ಲೂಕಿನ ಗಡಿ ತಿಳಿಯದು.

ಇಂಥ ಬಲೂನುಗಳು ಹೊತ್ತೊಯ್ಯುವ ವಸ್ತುಗಳಲ್ಲಿ ಖಗೋಳ ದೂರದರ್ಶಕವೂ ಒಂದು. ನಕ್ಷತ್ರಗಳು ಹುಟ್ಟುವ ಧೂಳಿನ ಮೋಡಗಳಿಂದ ಬರುವ ಅವಕೆಂಪು ಕಿರಣಗಳನ್ನು ನಮ್ಮ ವಾಯುಮಂಡಲದ ನೀರಾವಿಯು ನುಂಗಿಬಿಡುವುದರಿಂದ, ಯಂತ್ರವನ್ನು ಸುಮಾರು ೩೦ ಕಿಲೋಮೀಟರು ಎತ್ತರಕ್ಕೆ ಒಯ್ಯಬೇಕಾಗುತ್ತದೆ. ಸದರಿ ಸಂಸ್ಥೆಯವರು ೧ ಮೀಟರು ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ೧೯೮೦ರ ದಶಕದಿಂದಲೂ, ೧೯೯೯ರಿಂದೀಚೆಗೆ ಜಪಾನಿನ ವಿಜ್ಞಾನಿಗಳೊಡಗೂಡಿಯೂ ಹಾರಿಸಿದ್ದಾರೆ. ದೊಡ್ಡ ಕನ್ನಡಿ ಕೂಡಿಸಿದ ಬೆಳಕನ್ನು ಎದುರಿನ ಕಿರುಗನ್ನಡಿಯು ಹಿಂದಿರುಗಿಸಿ ಗ್ರಾಹಕಕ್ಕೆ ಮುಟ್ಟಿಸುತ್ತದೆ. ಆಕಾಶವೂ ಕನ್ನಡಿಯೂ ತಾವೇ ಕಾವನ್ನು ಸೂಸುವುದರಿಂದ, ಕಿರುಗನ್ನಡಿಯನ್ನು ಎಡೆಬಿಡದೆ ಅಲುಗಿಸಿ, ಮೋಡವಿರುವ ಎಡೆಯನ್ನೂ ಬರಿದಾದ ಎಡೆಯನ್ನೂ ಹೋಲಿಸಿ, ಆ ಕಾವನ್ನು ಕಳೆಯುತ್ತಾರೆ. ಗ್ರಾಹಕವನ್ನಂತೂ ದ್ರವ ಹೀಲಿಯಮ್ಮಿನಿಂದ ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿರುತ್ತಾರೆ. ಕನ್ನಡಿ ಅಗಲವಾದಷ್ಟೂ ಬಿಂಬ ಸ್ಫುಟ. ಆದರೆ ಬಲೂನು ಎತ್ತಬಲ್ಲ ತೂಕಕ್ಕೆ ಮಿತಿಯುಂಟು. ೧೫೮ ಮೈಕ್ರಾನು ತರಂಗದಲ್ಲಿ ಈ ಕನ್ನಡಿಯು ಸುಮಾರು ೪೦ ವಿಕಲೆಗಿಂತ, ಅಂದರೆ ಚಂದ್ರಬಿಂಬದ ಅಗಲದ ೪೫ರಲ್ಲೊಂದು ಪಾಲಿಗಿಂತ, ಸೂಕ್ಷ್ಮವಾದುದನ್ನು ಬಿಡಿಸಿ ತೋರಲಾರದು.

ಇಷ್ಟು ನಾಜೂಕಾದ ಯಂತ್ರವು ಹಾರಾಟ ಮುಗಿದೊಡನೆ ಧುಮುಕುಕೊಡೆಯಿಂದ ಯಾರದೋ ಹೊಲಕ್ಕಿಳಿದು, ದುರಸ್ತಿಯಾಗಿ ಮತ್ತೆ ಹಾರಬೇಕು. ಎರಡು ಕನ್ನಡಿಗಳ ಹೊಂದಿಕೆ ತಪ್ಪಿದರೆ ಬಿಂಬವೇ ಚದರುವುದು. ಶಹಾಬಾದಿನಲ್ಲಿ ಕಲ್ಲನ್ನು ಉಜ್ಜಿ ನುಣುಪು ಮಾಡುವ ಕೈಗಳಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಇಳಿದ ಯಂತ್ರದ ತಂತಿ ತಗಡುಗಳನ್ನು ಬಿಚ್ಚಿ ಒಯ್ಯುವುದು ರಾಷ್ಟ್ರಕ್ಕೆ ಹಾನಿ. ಒಳಗೆ ವಿದ್ಯುತ್ತಿರಬಹುದಾದುದರಿಂದ ಬಿಚ್ಚಿದವನಿಗೂ ಅಪಾಯ. ಪೋಲೀಸು ಠಾಣೆಗೆ ತಿಳಿಸಿ ಕಾವಲಿರುವುದೇ ಸರಿ.

ಆದರೆ ರೈತನೊಬ್ಬನಿಗೇ ಬುದ್ಧಿ ಹೇಳಿ ಸುಮ್ಮನಾಗುವುದು ನಮಗೆ ಸಮ್ಮತವಲ್ಲ. ಬಲೂನು ಹಾರುವ ಚಳಿಗಾಲವೇ ನಮ್ಮ ಸೀಮೆಯ ತೊಗರಿ ಕೊಯ್ಲಿನ ಕಾಲ. ನೋಡಬಂದವರ ಕಾಲಡಿಯಲ್ಲಿಯೂ ಯಂತ್ರವೊಯ್ಯಲು ಬಂದ ಲಾರಿಯ ಗಾಲಿಯಡಿಯಲ್ಲಿಯೂ ಹಾಳಾಗುವುದು ಅವನ ವರುಷದ ಅನ್ನ. ಆ ನಷ್ಟವನ್ನು ತಹಶೀಲ್ದಾರರ ಸಮಕ್ಷಮದಲ್ಲಿ ಅಂದೇ ನಿರ್ಣಯಿಸಿ ಕೊಡತಕ್ಕದ್ದು. ಹಾರಾಟದ ಸೂಚನೆಯನ್ನು ತಿಳಿಗನ್ನಡದಲ್ಲಿ ಅಚ್ಚುಮಾಡಿ ಗ್ರಾಮಪಂಚಾಯತಿಗಳಲ್ಲಿಯೂ ವಾಡಿ ಜಂಕ್ಷನ್ನಿನಲ್ಲಿಯೂ ಮುಂಚಿತವಾಗಿ ಅಂಟಿಸತಕ್ಕದ್ದು. ಡಂಗುರ ಸಾರಿಸಿದರೂ ತಪ್ಪಿಲ್ಲ. ಯಂತ್ರವನ್ನು ಲಾರಿಗೇರಿಸುವ ಮುನ್ನ ಊರ ಶಾಲೆಯ ಮಕ್ಕಳಿಗೆ ಆ ಕನ್ನಡಿಯನ್ನೊಮ್ಮೆ ತೋರಿಸುವಷ್ಟು ಬಿಡುವನ್ನೂ ವಿಜ್ಞಾನಿಗಳು ಮಾಡಿಕೊಳ್ಳಬೇಕೆಂದು ಬಿನ್ನವಿಸುತ್ತೇವೆ.