ಸೊನ್ನೆಯ ಮರೆಯಲ್ಲಿ

ಈ ಎರಡು ಪದಗಳನ್ನು ದಿಟ್ಟಿಸಿ ನೋಡಿ: ಬ್ಯಾಂಕ್, ಬ್ಯಾ೦ಕ್. ವ್ಯತ್ಯಾಸ ಕಂಡಿತೆ? ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ. ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ನಾವು ಓದುವುದು ಆಕಾರವನ್ನು, ಕಂಪ್ಯೂಟರು ಓದುವುದು ಸಂಖ್ಯೆಯನ್ನು. ನಮ್ಮ ಟೈಪಿಂಗಿನಲ್ಲಿ ಇದು ಬಹುಮಟ್ಟಿಗೆ ಕೈತಪ್ಪು. ಇಮೇಲಿನಲ್ಲಿ ಸ್ಪ್ಯಾಮ್ ಕಳಿಸುವವರಿಗೆ ಇಂಥದ್ದೇ ಕಸುಬು. ಇಂಗ್ಲಿಷ್ ಪದದೊಳಗೆ ನೋಡಲು ಹಾಗೇ ಇರುವ ರಷ್ಯನ್ ಅಕ್ಷರವೊಂದನ್ನು ಕೂರಿಸುತ್ತಾರೆ. ಪದಗಳನ್ನಷ್ಟೇ ಹುಡುಕುವ ಫಿಲ್ಟರಿಗೆ ಅದು ಬೇರೆಯೇ ಪದ, ಓದುವವರಿಗೆ ಅದೇ ಪದ.

2002ರ ಆಗಸ್ಟ್‌ನಲ್ಲಿ ಅಮೆರಿಕದ ಪ್ರೋಗ್ರಾಮರ್ ಪಾಲ್ ಗ್ರಹಾಂ ಸ್ಪ್ಯಾಮ್ ತಡೆಯುವ ಬಗ್ಗೆ ಒಂದು ಪ್ರಬಂಧ ಬರೆದರು. ಕೆಟ್ಟ ಪದಗಳ ಪಟ್ಟಿ ಕಟ್ಟುತ್ತ ಕೂರುವುದು ಬೇಡ, ಪತ್ರದ ಪದಗಳನ್ನು ತೂಗಿ ನೋಡೋಣ ಎಂದರು. ಯಾವ ಪದ ಸ್ಪ್ಯಾಮಿನಲ್ಲಿ ಎಷ್ಟು ಸಲ ಬರುತ್ತದೆ, ಒಳ್ಳೆಯ ಪತ್ರದಲ್ಲಿ ಎಷ್ಟು ಸಲ ಎಂಬ ಲೆಕ್ಕದಿಂದ ತೀರ್ಪು. ಇದರ ಬೇರು ಹದಿನೆಂಟನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ಬಿಟ್ಟುಹೋದ ಸಂಭಾವ್ಯತೆಯ ಸೂತ್ರದಲ್ಲಿದೆ. ಆ ಪ್ರಬಂಧದಿಂದಾಗಿ ಈ ವಿಧಾನ ಜನಪ್ರಿಯವಾಯಿತು.

ಕಳ್ಳರು ಸುಮ್ಮನಿರಲಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಗೆ ಒಳ್ಳೆಯ ಪದಗಳನ್ನು ಸುರಿದರು. ಹಳೆಯ ಕಾದಂಬರಿಗಳ ಪ್ಯಾರಾಗಳನ್ನೇ ಎತ್ತಿ ಜಾಹೀರಾತಿನ ಕೆಳಗೆ ಅಂಟಿಸಿದರು. ಕೆಲವೊಮ್ಮೆ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ. ಓದುಗನ ಕಣ್ಣಿಗೆ ಬೀಳದೆ, ಯಂತ್ರಕ್ಕೆ ಮಾತ್ರ ಕಾಣುವಂತೆ ಸಾಹಿತ್ಯ! ಈ ಕಸುಬಿನಲ್ಲಿ ನನಗೆ ಅತ್ಯಂತ ನೋವು ತರುವುದು ಇದೇ. ಯಾರೋ ಜೀವ ತೇದು ಬರೆದ ವಾಕ್ಯ ನಕಲಿ ಔಷಧಿಯ ವ್ಯಾಪಾರಕ್ಕೆ ಮುಸುಕಾಯಿತು.

ಮುಂದೆ ಪಠ್ಯವನ್ನೇ ಚಿತ್ರವಾಗಿ ಕಳಿಸಿದರು. ಫಿಲ್ಟರು ಚಿತ್ರದೊಳಗಿನ ಅಕ್ಷರ ಓದಲು ಕಲಿತಾಗ ಅಕ್ಷರಗಳನ್ನು ವಾರೆಯಾಗಿಸಿ ಚುಕ್ಕಿ ಎರಚಿದರು. ಈಗ ಅದೇ ತಂತ್ರ ಕ್ಯೂಆರ್ ಕೋಡಿನ ರೂಪದಲ್ಲಿ ಬಂದಿದೆ. ಕೊಂಡಿ ಚಿತ್ರದೊಳಗೆ ಅಡಗಿರುತ್ತದೆ, ಸ್ಕ್ಯಾನ್ ಮಾಡುವುದು ಫೋನಿನಲ್ಲಾದ್ದರಿಂದ ಕಚೇರಿಯ ಕಂಪ್ಯೂಟರಿನ ಕಾವಲೂ ತಪ್ಪುತ್ತದೆ.

ಜರಡಿಯ ಕಣ್ಣು ಕಿರಿದಾದಷ್ಟೂ ಕಾಳೂ ಹೊರಗುಳಿಯುತ್ತದೆ. ಕೆಲಸಕ್ಕೆ ಕರೆದ ಪತ್ರ ಸ್ಪ್ಯಾಮ್ ಫೋಲ್ಡರಿನಲ್ಲಿ ಕೊಳೆತರೆ ಆ ನಷ್ಟವನ್ನು ತುಂಬುವವರಿಲ್ಲ. ಆದ್ದರಿಂದ ಫಿಲ್ಟರುಗಳು ಒಂದಿಷ್ಟನ್ನು ಬಿಡಲೇಬೇಕು, ಬಿಡುತ್ತವೆ. ಹಾಗೆ ಒಳಬಂದದ್ದನ್ನು ತಡೆಯಬೇಕಾದವರು ನಾವು. ಬ್ಯಾಂಕಿನ ಹೆಸರಿನಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.