ಕಿಡ್ನಿ ಹಾಕ್ಸಿದ್ರ ಮುಗೀತು ಅಂದವರ್ಯಾರು? (ಭಾಗ 3)

ಫೋಟೋದಾಗ ಇರೋದು ಗುಳಿಗಿ ಡಬ್ಬಿ. ಏಳು ದಿನದ ಖಾನೆ, ದಿನಕ್ಕ ಎರಡು. ಮುಂಜಾನೆ ಒಂದು, ಸಂಜಿ ಒಂದು. ಹನ್ನೆರಡು ತಾಸಿನ ಅಂತರ ತಪ್ಪಂಗಿಲ್ಲ. ವರ್ಷಕ್ಕ 730 ಸಲ, ಹತ್ತು ವರ್ಷಕ್ಕ 7300 ಸಲ. ಒಂದು ಮದುವಿ, ಒಂದು ಜಾತ್ರಿ, ಒಂದು ರಾತ್ರಿ ಬಸ್ ಪ್ರಯಾಣ ಅಂತ ನೆಪ ಹೇಳಂಗಿಲ್ಲ.

ಬಿಂಕದಕಟ್ಟಿಯಾಗ ಯಾರನ್ನರ ಕೇಳ್ರಿ, "ಕಿಡ್ನಿ ಬದಲಿ ಮಾಡಿಸ್ಯಾರ, ಈಗ ಆರಾಮ ಅದಾರ" ಅಂತಾರ. ಬದಲಿ ಅಂದ್ರ ಹಳೇದು ತಗದು ಹೊಸಾದು ಕೂಡ್ಸೋದು ಅಂತ ನಮ್ಮ ತಿಳಿವಳಿಕಿ, ಟ್ರ್ಯಾಕ್ಟರಿನ ಪಾರ್ಟ್ ಇದ್ದಂಗ. ಹಂಗಿಲ್ರೀ. ಬಹಳಷ್ಟು ಸಲ ಹಳೇ ಕಿಡ್ನಿ ಎರಡೂ ಅಲ್ಲೇ ಇರ್ತಾವ. ಹೊಸಾದನ್ನ ಕೆಳಹೊಟ್ಟಿಯ ಒಂದು ಮಗ್ಗಲಿಗೆ ಕೂಡಸ್ತಾರ. ದೇಹ ಅದನ್ನ ಸಾಯೋತನಕ ಪರಕೀಯ ಅಂತನ ಗುರುತಿಸ್ತದ. ಆ ಗುರುತು ಮರೆಸಾಕ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್. ಅಂದ್ರ ಮೈಯ ಕಾವಲುಗಾರನಿಗೆ ದಿನಾ ಎರಡು ಸಲ ಮಂಪರು ಬರಸೋದು. ಕಾವಲುಗಾರ ತೂಕಡಿಸಿದ್ರ ಕಿಡ್ನಿ ಉಳೀತದ ಖರೆ, ಆದ್ರ ಕಳ್ಳರೂ ಒಳಗ ಬರ್ತಾರ.

ಆಪರೇಷನ್ ಯಶಸ್ವಿ ಆತು ಅಂತ ಹಾರ ಹಾಕಿ ಫೋಟೋ ಹೊಡೀತೀವಿ. 2021ರ ಜೂನ್‌ನಾಗ ಸಂಚಾರಿ ವಿಜಯ್ ತೀರಿಕೊಂಡಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದ್ರು, ಇಡೀ ಕರ್ನಾಟಕ ಕೈ ಮುಗೀತು. ಮುಗೀಬೇಕಾದ್ದೇ. ಆದ್ರ ದಾನ ಪಡದವರು ಐದನೇ ವರ್ಷ ಹೆಂಗದಾರ, ಗುಳಿಗಿಗೆ ರೊಕ್ಕ ಎಲ್ಲಿಂದ ತರ್ತಾರ ಅಂತ ನಾವು ಯಾವಾಗರ ಕೇಳೀವೇನು? ಕೊಟ್ಟವರ ಸುದ್ದಿ ಹಂಚ್ಕೋತೀವಿ, ತಗೊಂಡವರ ಬದುಕು ನಮಗ ಬೇಕಾಗಿಲ್ಲ.

ಸುಷ್ಮಾ ಸ್ವರಾಜ್ ನೆನಪದಾರಲ್ಲ? 1999ರಾಗ ಬಳ್ಳಾರಿಗೆ ಬಂದು, ಕನ್ನಡ ಕಲಿತು ಭಾಷಣ ಮಾಡಿದವರು. 2016ರ ಡಿಸೆಂಬರ್‌ನಾಗ ದೆಹಲಿಯ ಏಮ್ಸ್‌ನಾಗ ಅವರಿಗೆ ಕಿಡ್ನಿ ಕಸಿ ಆತು. 2019ರ ಆಗಸ್ಟ್ 6ಕ್ಕ ಹೃದಯಸ್ತಂಭನ ಆಗಿ ತೀರಿಕೊಂಡ್ರು, ಮೂರು ವರ್ಷನೂ ತುಂಬಿರಲಿಲ್ಲ. ಕಸಿಯಿಂದಲೇ ಹಂಗಾತು ಅಂತ ನಾನು ಹೇಳಂಗಿಲ್ಲ, ಅವರಿಗೆ ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಆದ್ರ ಒಂದು ಮಾತು ತಿಳ್ಕೋರಿ. ಕಸಿ ಆದವರನ್ನ ಜಗತ್ತಿನ ಎಲ್ಲಾ ಕಡೆ ಹೆಚ್ಚಾಗಿ ಒಯ್ಯೋದು ಹೃದಯದ ಕಾಯಿಲೆ, ಸೋಂಕು, ಕ್ಯಾನ್ಸರ್. ಎಷ್ಟೋ ಮಂದಿ ಸಾಯೋ ದಿನ ಹೊಸ ಕಿಡ್ನಿ ಚೊಲೋ ಕೆಲಸ ಮಾಡ್ತಿರ್ತದ.

ಅದಕ್ಕ ಕಾರಣ ಆ ಡಬ್ಬಿಯೊಳಗೂ ಐತಿ. ಸ್ಟಿರಾಯ್ಡ್ ಮತ್ತ ಟ್ಯಾಕ್ರೋಲಿಮಸ್ ಎರಡೂ ಸಕ್ಕರೆ ಏರಸ್ತಾವ. ಮೊದಲು ಶುಗರ್ ಇಲ್ಲದವರಿಗೂ ಕಸಿ ಆದ ಮ್ಯಾಲೆ ಶುಗರ್ ಬರ್ತದ. ಬಿಪಿ ಏರ್ತದ, ಎಲುಬು ಸವೀತಾವ, ಚಪ್ಪಿ ಎಲುಬಿಗೆ ರಕ್ತ ಸಾಲದ ಅದು ಕುಸೀತದ, ಕಣ್ಣಿಗೆ ಪೊರೆ. ಇನ್ನ ದೊಡ್ಡ ವಿಪರ್ಯಾಸ: ಕಿಡ್ನಿ ಕಾಯೋ ಟ್ಯಾಕ್ರೋಲಿಮಸ್ ಹೆಚ್ಚಾದ್ರ ಅದೇ ಕಿಡ್ನಿಗೆ ವಿಷ. ಕಡಿಮಿ ಆದ್ರ ರಿಜೆಕ್ಷನ್. ಅದಕ್ಕ ರಕ್ತದಾಗ ಅದರ ಮಟ್ಟ ಅಳೀತಿರಬೇಕು. ರಿಜೆಕ್ಷನ್ ಶುರು ಆದ್ರ ನೋವು ಬರ್ತದ ಅಂತ ಕಾಯಬ್ಯಾಡ್ರಿ. ಬಹಳಷ್ಟು ಸಲ ಏನೂ ಗೊತ್ತಾಗಂಗಿಲ್ಲ, ಕ್ರಿಯೇಟಿನಿನ್ ಒಂದೇ ಸುಮ್ಮನ ಮ್ಯಾಲೇರ್ತದ. "ನಾನು ಆರಾಮ ಅದೀನಿ, ರಕ್ತ ಯಾಕ ತಪಾಸ್ ಮಾಡಿಸ್ಲಿ?" ಅಂದವರು ಕಿಡ್ನಿ ಕಳ್ಕೊಳ್ಳೋದು ಹಿಂಗ.

ಈಗ ನಮ್ಮೂರ ಕಡೆ ಬರ್ರಿ. ಸೊಂಟ ನೋವಂದ್ರ ಒಂದು ಡೈಕ್ಲೋಫಿನ್ಯಾಕ್ ಇಂಜೆಕ್ಷನ್. ಕಸಿ ಆದವರಿಗೆ ಅದು ನೇರ ಪೆಟ್ಟು. ಕಸಿ ಆಗೇತಿ ಅಂತ ಪೇಷಂಟೂ ಹೇಳಂಗಿಲ್ಲ, ಸೂಜಿ ಹಿಡದವರೂ ಕೇಳಂಗಿಲ್ಲ. ಕೆಮ್ಮಿಗೆ ಎರಿಥ್ರೋಮೈಸಿನ್ ಕೊಟ್ರ ಟ್ಯಾಕ್ರೋಲಿಮಸ್ ಮಟ್ಟ ಜಿಗೀತದ. ಟಿಬಿ ಆತಂದ್ರ ಉಲ್ಟಾ, ರಿಫಾಂಪಿಸಿನ್ ಅದನ್ನ ಧಡಕ್ಕನ ಇಳಸ್ತದ. ನಮ್ಮ ದೇಶದಾಗ ಟಿಬಿ ಎಷ್ಟೈತಿ ಅಂತ ನಿಮಗ ಗೊತ್ತು, ಕಾವಲುಗಾರ ತೂಕಡಿಸೋ ಮೈಯಾಗ ಅದು ಏಳಾಕ ಎಷ್ಟೊತ್ತು? ಹಸಿ ಹಾಲು, ಕುದಿಸದ ನೀರು, ಕಣದ ಧೂಳು, ಪಾರಿವಾಳದ ಹಿಕ್ಕಿ ಬಿದ್ದ ಅಟ್ಟ ಗುಡಿಸೋದು, ಇವೆಲ್ಲಾ ನಿಮಗ ನನಗ ದಿನದ ಮಾತು. ಅವರಿಗೆ ಮಾಸ್ಕ್ ಹಾಕ್ಕೊಂಡು ದೂರ ನಿಲ್ಲೋ ಮಾತು. ಅದನ್ನ ನೋಡಿ "ಸೊಕ್ಕು ಬಂದೈತಿ" ಅನ್ನೋರೂ ನಾವೇ.

ಮತ್ತ ನಾಟಿ ಔಷಧಿ. "ಗುಳಿಗಿ ಬಿಡ್ರಿ, ಈ ಬೇರು ಕುಡೀರಿ" ಅನ್ನೋರ ಧೈರ್ಯಕ್ಕ ಏನನ್ಬೇಕು? ಹೆಣ್ಣುಮಕ್ಕಳಿಗೆ ಒಂದು ಮಾತು ಬ್ಯಾರೇನೇ ಹೇಳ್ತೀನಿ. ಮೈಕೋಫಿನೋಲೇಟ್ ಗರ್ಭದ ಕೂಸಿಗೆ ಅಪಾಯ. ಕಸಿ ಆದ ಮ್ಯಾಲೆ ಮಕ್ಕಳಾಗೋದು ಸಾಧ್ಯ, ಆದ್ರ ಡಾಕ್ಟರು ಮೊದಲೇ ಗುಳಿಗಿ ಬದಲಿಸಬೇಕು, ಕನಿಷ್ಠ ಒಂದು ವರ್ಷ ಕಾಯಬೇಕು. "ಇನ್ನ ಯಾಕ ಆಗಿಲ್ಲವ್ವ?" ಅಂತ ಸೊಸಿಗೆ ಚುಚ್ಚೋ ಮುಂದ ಇಷ್ಟು ನೆನಪಿರ್ಲಿ.

ಹಂಗಾರ ಕಸಿ ಬ್ಯಾಡೇನು ಅಂತ ಕೇಳ್ತೀರಿ. ಬೇಕು. ಡಯಾಲಿಸಿಸ್‌ಗಿಂತ ಕಸಿ ಆದವರು ಸಾಮಾನ್ಯವಾಗಿ ಹೆಚ್ಚು ವರ್ಷ, ಹೆಚ್ಚು ಚೊಲೋ ಬದುಕ್ತಾರ. 1954ರಾಗ ಬಾಸ್ಟನ್‌ನಾಗ ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಆತು, ಒಬ್ಬ ಅವಳಿ ಸೋದರ ಇನ್ನೊಬ್ಬಗ ಕೊಟ್ಟಂಗ. ರಿಚರ್ಡ್ ಹೆರಿಕ್ ಅಂತ ಹೆಸರು. ತದ್ರೂಪಿ ಅವಳಿ ಆಗಿದ್ದಕ್ಕ ರಿಜೆಕ್ಷನ್ ಭಯ ಇರಲಿಲ್ಲ. ಎಂಟು ವರ್ಷ ಬದುಕಿ, ಮದುವಿ ಆಗಿ, ಮಕ್ಕಳ್ನ ನೋಡಿ, ಕಡೀಕ ಹಳೇ ರೋಗನ ಹೊಸ ಕಿಡ್ನಿಗೂ ಬಂದು ತೀರಿಕೊಂಡ. ಆ ಎಂಟು ವರ್ಷ ಸಣ್ಣದಲ್ಲ. ನನ್ನ ತಕರಾರು ಕಸಿ ಮ್ಯಾಲೆ ಅಲ್ಲ, ಕಸಿ ಆದ ಮರುದಿನ ಕೈ ಬಿಡೋದರ ಮ್ಯಾಲೆ.

ತಾಲೂಕು ಆಸ್ಪತ್ರಿಯಾಗ ಡಯಾಲಿಸಿಸ್ ಬಂತು. ಬಿಪಿಎಲ್ ಕಾರ್ಡಿನವರಿಗೆ ಕಸಿ ಖರ್ಚಿಗೆ ಸರ್ಕಾರದ ಯೋಜನೆ ಬಂತು. ಮೆಚ್ಚಬೇಕು. ಆದ್ರ ಟ್ಯಾಕ್ರೋಲಿಮಸ್ ಮಟ್ಟ ತಪಾಸಣಿ ನಮ್ಮ ಸಣ್ಣ ಲ್ಯಾಬ್‌ಗಳೊಳಗ ಆಗಂಗಿಲ್ಲ. ರೊಕ್ಕ ಸಾಲದ ಒಂದು ಹೊತ್ತಿನ ಗುಳಿಗಿ ಬಿಡೋರನ್ನ "ನಿಷ್ಕಾಳಜಿ" ಅಂತ ಬೈಯೋದು ಸುಲಭ. ಅಂಗಡಿಯವರು ಕಂಪನಿ ಬದಲಿಸಿ ಕೊಟ್ರೂ ಮಟ್ಟ ಮತ್ತ ಅಳೀಬೇಕು, ಅದರ ಖರ್ಚು ಯಾರದು? ಲಕ್ಷಗಟ್ಟಲೆ ಸುರಿದು ಹಾಕಿದ ಕಿಡ್ನಿ ಒಂದು ತಿಂಗಳ ಗುಳಿಗಿ ಇಲ್ಲದ ಹೋದ್ರ, ಆ ಮನುಷ್ಯ ತಿರುಗಿ ಅದೇ ಡಯಾಲಿಸಿಸ್ ಮಂಚಕ್ಕ. ಆ ಖರ್ಚೂ ಸರ್ಕಾರದ್ದೇ ಅಲ್ಲೇನ್ರೀ?

ಗದಗ ಜಿಲ್ಲಾ ಆಸ್ಪತ್ರಿಯಾಗ ಕಸಿ ಆದವರಿಗೆ ಜೀವನಪೂರ್ತಿ ಗುಳಿಗಿ, ರಕ್ತದ ಮಟ್ಟ ತಪಾಸಣಿ, ತಿಂಗಳಿಗೊಂದು ದಿನ ಕಿಡ್ನಿ ಡಾಕ್ಟರು. ಮೂರೇ ಬೇಡಿಕಿ. ನಿಮ್ಮ ವಾರ್ಡಿನವರು, ಪಂಚಾಯ್ತಿಯವರು, ಶಾಸಕರು ಯಾರು ಸಿಕ್ಕರೂ ಈ ಪೋಸ್ಟ್ ತೋರಿಸಿ ಕೇಳ್ರಿ. ಭಾಗ 4ರಾಗ ಕಿಡ್ನಿ ಕೊಟ್ಟ ತಾಯಂದಿರ ಬಗ್ಗೆ ಬರೀತೀನಿ.

#ಬಿಂಕದಕಟ್ಟಿ #ಗದಗ #ಕಿಡ್ನಿಕಸಿ #ಕಸಿಯಾದಮ್ಯಾಲೆ #ಉತ್ತರಕರ್ನಾಟಕ