ದೋಣಿಯ ತಳವೂ ದಂಡೆಯ ಧರ್ಮವೂ

ದೋಣಿಯು ನಡುಗಡಲಿನಲ್ಲಿ ಸವೆಯುವದಕ್ಕಿಂತ ದಡದಲ್ಲಿಯೇ ಹೆಚ್ಚು ಸವೆಯುವದೆಂಬ ಮಾತು ಘಟ್ಟದ ಮೇಲಿನ ನಮ್ಮ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಕಡಲನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಆಳವಾದ ನೀರಿನಲ್ಲಿ ಸಣ್ಣ ದೋಣಿಯು ತೆರೆಯೊಡನೆ ಏರುವದು, ತೆರೆಯೊಡನೆ ಇಳಿಯುವದು. ಅದರ ತಳಕ್ಕೆ ತಾಗುವದು ನೀರೊಂದೇ. ದಡದಲ್ಲಿ ಹಾಗಲ್ಲ. ಅಲ್ಲಿ ತೆರೆಯು ಎತ್ತಿ ಹಾಕುವದು, ನೆಲವು ಎದುರುನಿಂತು ಹೊಡೆಯುವದು; ಇವೆರಡರ ನಡುವೆ ಸಿಕ್ಕ ಹಲಗೆಯು ಜರ್ಜರವಾಗುವದು. ನೆಲವು ಮರಳಾಗಿದ್ದರೆ ಭಾರವು ತಳದ ಉದ್ದಕ್ಕೂ ಹಂಚಿಹೋಗುವದು. ಕಲ್ಲಾಗಿದ್ದರೆ ದೋಣಿಯ ಭಾರ, ಬಲೆಯ ಭಾರ, ಮೀನಿನ ಭಾರ ಎಲ್ಲವೂ ಅಂಗೈಯಗಲದ ಒಂದು ಮೂಲೆಯ ಮೇಲೆ ಬೀಳುವದು. ಆದುದರಿಂದ ದೋಣಿಯ ತಳವನ್ನು ಕಾಪಾಡುವ ಪ್ರಶ್ನೆಯು ಅರ್ಧ ದೋಣಿಯದು, ಅರ್ಧ ದಂಡೆಯದು. ಮೊದಲನೆಯ ಅರ್ಧವನ್ನು ನಮ್ಮ ಮೊಗವೀರರೂ ಖಾರ್ವಿಗಳೂ ಹರಿಕಂತ್ರರೂ ತಲೆತಲಾಂತರದಿಂದ ನೋಡಿಕೊಂಡು ಬಂದಿದ್ದಾರೆ. ಎರಡನೆಯ ಅರ್ಧವು ಈಗ ಸರಕಾರದ ಕೈಗೆ ಹೋಗಿದೆ. ಅದನ್ನು ಯಾರು ಹೇಗೆ ನೆರವೇರಿಸಬೇಕೆಂಬುದೇ ಇಲ್ಲಿ ನಮ್ಮ ವಿಚಾರ.

ಒರಟು ದಡಕ್ಕೆ ಬಗ್ಗುವ ದೋಣಿಯೇ ಬೇಕೆಂಬುದನ್ನು ನಮ್ಮ ಹಿರಿಯರು ಬಹು ಪೂರ್ವದಲ್ಲಿಯೇ ಕಂಡುಕೊಂಡಿದ್ದರು. ಮೊಳೆಯನ್ನು ಬಳಸದೆ, ಹಲಗೆಗಳ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುವದು ಪಶ್ಚಿಮ ಕರಾವಳಿಯ ಪ್ರಾಚೀನ ಪದ್ಧತಿ. 14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿ ನಮ್ಮ ಹೊನ್ನಾವರವನ್ನೂ ಕಂಡ ಇಬ್ನ್ ಬತೂತಾ ಎಂಬ ಪ್ರವಾಸಿಯು ಇದರ ಕಾರಣವನ್ನು ಬರೆದಿಟ್ಟಿದ್ದಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುವದು, ಹುರಿಯಿಂದ ಹೊಲಿದುದು ಬಾಗಿ ಬದುಕಿಕೊಳ್ಳುವದು ಎಂಬುದು ಅವನ ಮಾತಿನ ತಾತ್ಪರ್ಯ. ಪೂರ್ವ ಕರಾವಳಿಯ ಮದ್ರಾಸಿನಲ್ಲಿಯೂ ಇದೇ ತತ್ವ ನಡೆದಿತ್ತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕೃತ್ರಿಮ ಬಂದರವು ಕಟ್ಟಲ್ಪಡುವವರೆಗೆ ಅಲ್ಲಿಗೆ ಬಂದ ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಗವರ್ನರನಿಂದ ಹಿಡಿದು ಗುಮಾಸ್ತನ ವರೆಗೆ ಎಲ್ಲರೂ ಮಸೂಲಾ ಎಂಬ ಹೊಲಿದ ದೋಣಿಗಳಲ್ಲಿ ಕುಳಿತೇ ತೆರೆಗಳನ್ನು ದಾಟಿ ದಡಕ್ಕೆ ಬರಬೇಕಾಗಿತ್ತು. ಯುರೋಪಿನ ಗಟ್ಟಿಮುಟ್ಟಾದ ದೋಣಿಗಳು ಚೂರಾಗುತ್ತಿದ್ದ ಆ ತೆರೆಗಳಲ್ಲಿ, ಒಳಗೆ ಅಡ್ಡಪಕ್ಕೆಗಳೇ ಇಲ್ಲದ ಈ ಮೆತ್ತನೆಯ ದೋಣಿಯು ಬಳುಕುತ್ತ ಬಂದು ನಿಲ್ಲುತ್ತಿತ್ತು.

ಎರಡನೆಯ ತತ್ವವು ಇನ್ನೂ ಸರಳವಾದುದು: ಸವೆಯಲೇಬೇಕಾದ ಜಾಗದಲ್ಲಿ ಸವೆಯುವದಕ್ಕೆಂದೇ ಒಂದು ಅಗ್ಗದ ವಸ್ತುವನ್ನು ಇಡಬೇಕು. ದೋಣಿಯ ತಳದ ನಡುವೆ ಬೆನ್ನೆಲುಬಿನಂತೆ ಹಾಯುವ ಅಡಿಮರಕ್ಕೆ ಹೊರಗಿನಿಂದ ಇನ್ನೊಂದು ಮರದ ಪಟ್ಟಿಯನ್ನೋ ಕಬ್ಬಿಣದ ಪಟ್ಟಿಯನ್ನೋ ಹೊಡೆದರೆ ದಡದ ಏಟನ್ನು ಆ ಪಟ್ಟಿಯು ತಿನ್ನುವದು. ಅದು ಸವೆದಾಗ ಕಿತ್ತು ಬೇರೆಯದನ್ನು ಹಾಕಬಹುದು. ಅಡಿಮರವೇ ಸವೆದರೆ ದೋಣಿಯನ್ನೇ ಬಿಚ್ಚಬೇಕು. ಕಾಲಿಗೆ ಚಪ್ಪಲಿಯು ಹೇಗೋ ದೋಣಿಗೆ ಈ ಪಟ್ಟಿಯು ಹಾಗೆ. ಇದರೊಡನೆ ಹಲಗೆಗೆ ಮೀನೆಣ್ಣೆಯನ್ನು ಬಳಿಯುವದು, ಗೇರುಸಿಪ್ಪೆಯ ಎಣ್ಣೆಯನ್ನು ಹಚ್ಚುವದು, ದೋಣಿಯನ್ನು ನೆಲದ ಮೇಲೆ ಎಳೆಯದೆ ಅಡ್ಡಮರಗಳನ್ನು ಹಾಸಿ ಅವುಗಳ ಮೇಲೆ ಜಾರಿಸುವದು, ಇವೆಲ್ಲ ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತಿರುವ ಸಂಗತಿಗಳು.

ಮೂರನೆಯದು ಚಾಕಚಕ್ಯತೆ. ತೆರೆಗಳು ಒಂದೇ ಸಮನಾಗಿ ಬರುವದಿಲ್ಲ. ಕೆಲವು ದೊಡ್ಡವು ಸಾಲಾಗಿ ಬಂದ ಮೇಲೆ ಕೆಲಹೊತ್ತು ಸಣ್ಣವು ಬರುವವು. ಅನುಭವಿಯಾದವನು ತೆರೆ ಒಡೆಯುವ ಸ್ಥಳದ ಆಚೆಗೆ ನಿಂತು ಈ ಬಿಡುವನ್ನು ಕಾಯುವನು. ಬಿಡುವು ಸಿಕ್ಕೊಡನೆ ದೋಣಿಯ ಮೂತಿಯನ್ನು ದಡಕ್ಕೆ ನೇರವಾಗಿ ಹಿಡಿದು ಒಂದೇ ಉಸಿರಿನಲ್ಲಿ ಹುಟ್ಟು ಹಾಕುವನು. ದೋಣಿಯು ಅಡ್ಡ ತಿರುಗಿತೋ ಕೆಟ್ಟಿತು. ಮುಂದಿನ ತೆರೆಯು ಅದನ್ನು ಮಗುಚಿ ಹಾಕುವದು. ಯಂತ್ರವಿದ್ದರೆ ಅದನ್ನು ಸಕಾಲದಲ್ಲಿ ಮೇಲೆತ್ತಬೇಕು. ತಳವು ನೆಲಕ್ಕೆ ತಾಗುವ ಮೊದಲೇ ಜನರು ನೀರಿಗೆ ಹಾರಿ ದೋಣಿಯನ್ನು ಹಗುರಗೊಳಿಸಬೇಕು. ಆಮೇಲೆ ದಡದ ಮೇಲಿದ್ದವರೆಲ್ಲರೂ ಕೈಗೂಡಿಸಿ ಮೇಲಕ್ಕೆ ಸಾಗಿಸಬೇಕು. ಈ ಕೆಲಸಕ್ಕೆ ಹತ್ತು ಜನರು ಬೇಕು, ಹತ್ತು ಜನರು ನಿಲ್ಲುವಷ್ಟು ನೆಲವೂ ಬೇಕು.

ಈಗ ಕಾಲವು ಬದಲಾಗಿದೆ. ದೊಡ್ಡ ಮರವು ದುರ್ಲಭವಾದ ಮೇಲೆ ಫೈಬರ್ ದೋಣಿಗಳು ಬಂದವು. ಅವು ಹಗುರ, ಕೊಳೆಯುವದಿಲ್ಲ, ಮರವನ್ನು ಕೊರೆಯುವ ಕಡಲಹುಳವು ಅವನ್ನು ಮುಟ್ಟುವದಿಲ್ಲ. ಇವು ದೊಡ್ಡ ಗುಣಗಳೇ ಸರಿ. ಆದರೆ ಕಲ್ಲಿನ ಮುಂದೆ ಅವುಗಳಿಗೆ ಬೇರೊಂದು ದೋಷವಿದೆ. ಅವುಗಳ ಮೇಲ್ಮೈಯಲ್ಲಿರುವ ತೆಳುವಾದ ನುಣುಪು ಪದರವು ಕಲ್ಲಿಗೆ ಉಜ್ಜಿ ಹೋದರೆ ಒಳಗಿನ ಗಾಜಿನ ನಾರು ಬಯಲಾಗುವದು; ಅಲ್ಲಿಂದ ನೀರು ಪದರಗಳೊಳಕ್ಕೆ ಇಳಿದು ತಳವನ್ನು ಭಾರವೂ ದುರ್ಬಲವೂ ಆಗಿ ಮಾಡುವದು. ಮರದ ಹಲಗೆಯು ಕೆಟ್ಟರೆ ಊರ ಬಡಗಿಯು ಹಲಗೆಯನ್ನು ಬದಲಿಸುವನು. ಫೈಬರನ್ನು ಸರಿಪಡಿಸಬೇಕಾದರೆ ಒಣಗಿಸಬೇಕು, ಉಜ್ಜಬೇಕು, ರಾಳವನ್ನು ತಂದು ಪದರದ ಮೇಲೆ ಪದರ ಹಾಕಬೇಕು. ಮಳೆಗಾಲದಲ್ಲಿ ಒಣಗಿಸುವದೇ ದುಸ್ತರ. ಅಷ್ಟು ದಿನ ಸಂಸಾರಕ್ಕೆ ಸಂಪಾದನೆ ಇಲ್ಲ. ಇದಕ್ಕೂ ಉಪಾಯವು ಹಳೆಯದೇ: ತಳದ ನಡುಭಾಗಕ್ಕೆ ಹೆಚ್ಚಿನ ಪದರಗಳನ್ನು ಕೊಡಿಸಿ, ಅದರ ಮೇಲೆ ಬದಲಿಸಬಹುದಾದ ರಬ್ಬರಿನ ಅಥವಾ ಮರದ ಪಟ್ಟಿಯನ್ನು ಕಟ್ಟುವದು. ದೋಣಿಯನ್ನು ಕೊಳ್ಳಲು ಸಹಾಯಧನವನ್ನು ಕೊಡುವ ಸರಕಾರವು ಈ ಪಟ್ಟಿಗೂ ನಾಲ್ಕು ಕಾಸು ಕೂಡಿಸಿದರೆ ಕೊಟ್ಟ ಹಣವು ಹೆಚ್ಚು ವರ್ಷ ಬಾಳೀತು.

ಆದರೆ ಪಟ್ಟಿಯನ್ನು ಎಷ್ಟು ದಪ್ಪ ಮಾಡಿದರೂ ದಂಡೆಯೇ ಶತ್ರುವಾದರೆ ಮಾಡುವದೇನು? ಉಳ್ಳಾಲದಿಂದ ಹಿಡಿದು ಮರವಂತೆಯ ಆಚೆಯ ವರೆಗೆ ಅನೇಕ ಸ್ಥಳಗಳಲ್ಲಿ ಕಡಲ್ಕೊರೆತವನ್ನು ತಡೆಯುವದಕ್ಕೆಂದು ದೊಡ್ಡ ದೊಡ್ಡ ಕಗ್ಗಲ್ಲುಗಳನ್ನು ತಂದು ಸುರಿದಿದ್ದಾರೆ. ಮನೆಗಳೂ ತೆಂಗಿನ ತೋಟಗಳೂ ರಸ್ತೆಗಳೂ ಕಡಲಿನ ಪಾಲಾಗುತ್ತಿರುವಾಗ ಇದನ್ನು ತಪ್ಪೆಂದು ಹೇಳಲು ಯಾರಿಗೂ ಬಾಯಿ ಬಾರದು. ನದಿಗಳ ಮರಳನ್ನು ಅಣೆಕಟ್ಟುಗಳು ತಡೆದವು, ಮರಳುಗಳ್ಳರು ಹೊತ್ತರು. ಅಳಿವೆಗಳಲ್ಲಿ ಕಟ್ಟಿದ ಒಡ್ಡುಗಳು ದಂಡೆಗುಂಟ ಸಾಗುವ ಮರಳಿಗೆ ಅಡ್ಡ ನಿಂತವು. ಕಡಲು ಹಸಿದು ನೆಲವನ್ನು ತಿನ್ನತೊಡಗಿತು. ಇದೆಲ್ಲ ಸತ್ಯ. ಆದರೆ ಕಲ್ಲಿನ ಗೋಡೆಗೆ ಬಡಿದ ತೆರೆಯು ಸುಮ್ಮನೆ ಅಡಗುವದಿಲ್ಲ. ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನು ಎಳೆದೊಯ್ಯುವದು. ಹೀಗೆ ಗೋಡೆಯ ಹಿಂದಿನ ಮನೆಯು ಉಳಿಯಿತು, ಗೋಡೆಯ ಮುಂದಿನ ಮರಳು ಹೋಯಿತು. ಆ ಮರಳೇ ಮೀನುಗಾರನ ಬಂದರವಾಗಿತ್ತು! ಅವನ ಮನೆಯನ್ನು ಕಾಯುವ ಗೋಡೆಯೇ ಅವನ ದೋಣಿಯನ್ನು ಒಡೆಯುವಂತಾಯಿತು.

ಇದರ ಕ್ರೌರ್ಯವು ಮಳೆಗಾಲದಲ್ಲಿ ಪೂರ್ತಿಯಾಗಿ ಕಾಣುವದು. ಈಚಿನ ವರ್ಷಗಳಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೊಡ್ಡ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿದೆ. ಮೀನಿನ ಸಂತತಿಯು ಬೆಳೆಯಲೆಂದು ಮಾಡಿದ ಈ ನಿಯಮವು ಯೋಗ್ಯವಾದುದೇ. ಆಗ ಮಲ್ಪೆ, ಗಂಗೊಳ್ಳಿ, ಕಾರವಾರಗಳ ಬಂದರುಗಳಲ್ಲಿ ದೊಡ್ಡ ದೋಣಿಗಳು ವಿಶ್ರಮಿಸುವವು; ನಾಡದೋಣಿಗಳು ಮಾತ್ರ ಕಡಲಿಗಿಳಿಯುವವು. ಅಂದರೆ ಕಡಲು ಅತ್ಯಂತ ಒರಟಾಗಿರುವ, ದಂಡೆಯ ಮರಳು ಅತ್ಯಂತ ಕಡಿಮೆಯಾಗಿರುವ, ಕಲ್ಲುಗಳು ಹಲ್ಲು ಕಿರಿದು ನಿಂತಿರುವ ದಿನಗಳಲ್ಲಿಯೇ ಅತ್ಯಂತ ಸಣ್ಣ ದೋಣಿಯು ಬರಿಯ ದಂಡೆಗೆ ಬಂದು ತಾಗಬೇಕು. ವರ್ಷದ ಗಳಿಕೆಯಲ್ಲಿ ಬಡವನಿಗೆ ಮೀಸಲಾದ ಎರಡು ತಿಂಗಳ ಪಾಲನ್ನು ಕಾಯಿದೆಯು ಒಂದು ಕೈಯಿಂದ ಕೊಟ್ಟರೆ, ಕಲ್ಲಿನ ರಾಶಿಯು ಇನ್ನೊಂದು ಕೈಯಿಂದ ಕಸಿದುಕೊಳ್ಳುವದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಣ್ಣ ದೋಣಿಗಳೂ ಬಂದರಕ್ಕೆ ಹೋಗಲೆಂಬುದು ಮೊದಲನೆಯದು. ಬಂದರವು ಹತ್ತಾರು ಕಿಲೋಮೀಟರು ದೂರವಿದ್ದರೆ ಹುಟ್ಟು ಹಾಕುವವನು ಅಲ್ಲಿಗೆ ಹೋಗುವದು ಹೇಗೆ? ಸಣ್ಣ ಯಂತ್ರವಿದ್ದವನ ಎಣ್ಣೆಯ ಖರ್ಚನ್ನು ಕೊಡುವವರು ಯಾರು? ಬುಟ್ಟಿ ಹೊತ್ತು ಊರೂರು ತಿರುಗಿ ಮೀನು ಮಾರುವ ಹೆಂಗಸರು ತಮ್ಮೂರ ದಂಡೆಯನ್ನು ಬಿಟ್ಟು ನಿತ್ಯವೂ ಅಷ್ಟು ದೂರ ಹೋಗಲಾದೀತೇ? ಗೋಡೆಯಲ್ಲಿ ಸಂದು ಬಿಟ್ಟರೆ ಕಡಲು ಅಲ್ಲಿಂದಲೇ ನುಗ್ಗುವದೆಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ, ಆದರೆ ಉಪಾಯವೂ ಇದೆ. ಗೋಡೆಯ ಎರಡು ತುದಿಗಳನ್ನು ಒಂದರ ಹಿಂದೊಂದು ಬರುವಂತೆ ಕಟ್ಟಿದರೆ ದೋಣಿಗೆ ದಾರಿ ಸಿಕ್ಕುವದು, ತೆರೆಗೆ ನೇರ ದಾರಿ ಸಿಕ್ಕದು. ಅದು ಆಗದ ಸ್ಥಳದಲ್ಲಿ ಇಳಿಜಾರಾದ ದಾರಿಯನ್ನು ಕಟ್ಟಿ, ಅದರ ಮೇಲೆ ಮರದ ಅಡ್ಡಪಟ್ಟಿಗಳನ್ನೋ ಹಳೆಯ ರಬ್ಬರ್ ಟಾಯರುಗಳನ್ನೋ ಹಾಸಬಹುದು. ನೆರೆಯ ಕೇರಳದಲ್ಲಿ ಕಡಲಗೋಡೆಗಳ ನಡುವೆ ಮೀನುಗಾರರಿಗೆಂದು ಸಂದುಗಳನ್ನು ಬಿಟ್ಟಿರುವದುಂಟು. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವೆಂದು ಹೇಳುವವರು ಕಾರಣವನ್ನೂ ಹೇಳಬೇಕು.

ಕಾಯಿದೆಯ ದೃಷ್ಟಿಯಿಂದಲೂ ಈ ಬೇಡಿಕೆಯು ದಯಾಭಿಕ್ಷೆಯಲ್ಲ. 1996ರಲ್ಲಿ ಹಿಮಾಚಲ ಪ್ರದೇಶದ ಬಿಯಾಸ ನದಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ವದ ತತ್ವವನ್ನು ಸಾರಿತು: ಕಡಲ ದಂಡೆ, ಹರಿಯುವ ನೀರು ಮೊದಲಾದವು ಸರಕಾರದ ಸ್ವಂತ ಆಸ್ತಿಯಲ್ಲ, ಸರಕಾರವು ಜನರ ಪರವಾಗಿ ಅವುಗಳನ್ನು ಕಾಯುವ ವಿಶ್ವಸ್ತ ಮಾತ್ರ. 1882ರ ಈಜ್‌ಮೆಂಟ್ ಕಾಯಿದೆಯ 18ನೆಯ ಕಲಮು ಸ್ಥಳೀಯ ರೂಢಿಯಿಂದ ಹುಟ್ಟುವ ಹಕ್ಕುಗಳನ್ನು ಮನ್ನಿಸುವದು. 2011 ಮತ್ತು 2019ರ ಕರಾವಳಿ ನಿಯಂತ್ರಣ ಅಧಿಸೂಚನೆಗಳೆರಡೂ ಮೀನುಗಾರರ ಜೀವನೋಪಾಯದ ಭದ್ರತೆಯನ್ನು ತಮ್ಮ ಉದ್ದೇಶಗಳಲ್ಲಿ ಸೇರಿಸಿಕೊಂಡಿವೆ. ವಿಶ್ವಸ್ತನು ಮನೆಯನ್ನು ಕಾಯುವೆನೆಂದು ಬಾಗಿಲಿಗೆ ಕಲ್ಲು ಹೇರಬಹುದೇ? ದಾರಿ ಬಿಡುವದು ಗುತ್ತಿಗೆದಾರನ ಮರ್ಜಿಗಾಗಲಿ ಇಂಜಿನಿಯರರ ದಾಕ್ಷಿಣ್ಯಕ್ಕಾಗಲಿ ಸೇರಿದ ಮಾತಾಗಬಾರದು. ಮೊದಲ ನಕಾಶೆಯಲ್ಲಿಯೇ ಅದು ಇರಬೇಕು.

ಒಂದು ಕಾಲದಲ್ಲಿ ನಮ್ಮ ಕರಾವಳಿಯು ಅರ್ಧ ಮುಂಬಯಿ ಇಲಾಖೆಯಲ್ಲಿಯೂ ಅರ್ಧ ಮದ್ರಾಸು ಇಲಾಖೆಯಲ್ಲಿಯೂ ಹಂಚಿಹೋಗಿತ್ತು. ಒಂದು ದಂಡೆಗೆ ಎರಡು ದೊರೆತನ. 1956ರ ನವೆಂಬರ್ 1ರಿಂದ ತಲಪಾಡಿಯಿಂದ ಮಾಜಾಳಿಯ ವರೆಗಿನ ದಂಡೆಯೆಲ್ಲ ಒಂದೇ ಆಡಳಿತಕ್ಕೆ ಒಳಪಟ್ಟಿದೆ. ಏಕೀಕರಣದ ಫಲವು ನಾಡಿನ ಕಟ್ಟಕಡೆಯ ದೋಣಿಗೂ ಮುಟ್ಟಬೇಕಾದರೆ ಈ ಇಡೀ ದಂಡೆಗೆ ಒಂದೇ ನಿಯಮವಾಗಲಿ: ದೋಣಿ ತಾಗುವ ಸ್ಥಳಗಳನ್ನು ಊರವರನ್ನೇ ಕೇಳಿ ಗುರುತಿಸಬೇಕು, ಗುರುತಿಸಿದ ಸ್ಥಳದಲ್ಲಿ ದಾರಿ ಬಿಡದೆ ಕಲ್ಲು ಸುರಿಯಬಾರದು, ಈಗಾಗಲೇ ಮುಚ್ಚಿಹೋದ ಕಡೆಗಳಲ್ಲಿ ಮುಂದಿನ ಮಳೆಗಾಲದೊಳಗೆ ದಾರಿ ತೆರೆಯಬೇಕು, ಬುಡಕ್ಕೆ ಜಾರಿದ ಕಲ್ಲುಗಳನ್ನು ಪ್ರತಿವರ್ಷವೂ ಮೇ ತಿಂಗಳಲ್ಲಿ ಎತ್ತಿಸಬೇಕು.

ಕರಾವಳಿಯ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮನೆಗಳ ದೋಣಿಯು ಈ ವರ್ಷ ಕಲ್ಲಿಗೆ ತಾಗಿ ಕೆಟ್ಟಿತು, ಎಲ್ಲಿ ಕೆಟ್ಟಿತು, ರಿಪೇರಿಗೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಬರೆದಿಡಿರಿ. ಅಂಥ ಹತ್ತು ಊರುಗಳ ಪಟ್ಟಿಯು ನೂರು ಭಾಷಣಗಳಿಗಿಂತ ಬಲವಾದ ಅರ್ಜಿಯಾದೀತು. ಪಟ್ಟಣಿಗರಾದ ನಾವು ಬಂಗಡೆಯ ಬೆಲೆ ಏರಿದೊಡನೆ ಗೊಣಗುತ್ತೇವೆ. ಆ ಬೆಲೆಯಲ್ಲಿ ಒಡೆದ ಹಲಗೆಯ ಲೆಕ್ಕವೂ ಸೇರಿರುವದನ್ನು ಕಾಣುವದಿಲ್ಲ. ಕಡಲಿನೊಡನೆ ಹೋರಾಡುವ ವಿದ್ಯೆಯು ಮೀನುಗಾರನಿಗೆ ಉಂಟು. ಅದನ್ನು ನಾವು ಅವನಿಗೆ ಕಲಿಸಬೇಕಾಗಿಲ್ಲ. ನಾವು ಸುರಿದ ಕಲ್ಲಿನೊಡನೆ ಅವನು ಹೋರಾಡುವಂತೆ ಮಾಡಬಾರದು, ಇಷ್ಟೇ.